ಒಂದು ಗಂಟೆ ಹತ್ತು ನಿಮಿಷ

ತಪ್ಪು ನಂದೇ. ಅದನ್ನ ಫೋನಿನ ಮೇಲೆ ಹಾಕೋದು ಬೇಡ, ಸುಬ್ರಮಣಿ ಮೇಲೂ ಹಾಕೋದು ಬೇಡ. ಕಾಂಬೋಡಿಯಾ ದೇಶದ ನಾಮ್ ಪೆನ್ ಅನ್ನೋ ಊರಿಂದ ಬ್ಯಾಂಕಾಕಿಗೆ ಎಷ್ಟು ದೂರ ಅಂತ ಇಡೀ ಬಂಗಾರಪೇಟೆ ತಾಲ್ಲೂಕಲ್ಲಿ ನಿದ್ದೆಗಣ್ಣಲ್ಲಿ ಕೇಳಿದ್ರೂ ಹೇಳೋನು ನಾನೊಬ್ಬನೇ ಇರಬೇಕು. ಐನೂರ ಮೂವತ್ತು ಕಿಲೋಮೀಟರ್. ವಿಮಾನದಲ್ಲಿ ಒಂದು ಗಂಟೆ ಹತ್ತು ನಿಮಿಷ. ಅರವತ್ತೊಂದು ವರ್ಷಕ್ಕೆ ವಿಮಾನದ ಮೆಟ್ಟಿಲು ಕೂಡ ಕಾಣದೇ ಇರೋನು ಇದನ್ನೆಲ್ಲ ಬಾಯಿಪಾಠ ಮಾಡ್ಕೊಂಡು ಕೂತಿದ್ದೀನಿ.

ನಾನು ಬಚ್ಚಪ್ಪ. ನಂದಿದುರ್ಗ ಚಿನ್ನದ ಗಣಿಯಲ್ಲಿ ಹದಿನೇಳು ವರ್ಷ ನೆಲದೊಳಗೆ ಕೆಲಸ ಮಾಡಿದೋನು. ನಮ್ಮಣ್ಣ ಕೋದಂಡಪ್ಪನೂ ಅಲ್ಲೇ. ಇಬ್ರೂ ಊರಿಂದ ಸೈಕಲ್ ತುಳ್ಕೊಂಡು ಹೋಗ್ತಿದ್ವಿ. ಗಣಿ ಮುಚ್ಚಿದ ಮೇಲೆ ಅಣ್ಣ ಹಸು ಕಟ್ಟಿದ, ಡೇರಿಗೆ ಹಾಲು ಹಾಕ್ದ. ನನಗೆ ಗುದ್ದಲಿ, ಹಾರೆ ಬಿಟ್ರೆ ಬೇರೆ ವಿದ್ಯೆ ಇಲ್ಲ. ಮನೆ ಪಾಯ ತೋಡ್ದೆ, ಪಾಯಿಖಾನೆ ಗುಂಡಿ ತೋಡ್ದೆ, ಊರಲ್ಲಿ ಯಾರಾದ್ರೂ ಸತ್ರೆ ಅವರ ಗುಂಡಿನೂ ತೋಡ್ದೆ. ನಾಲ್ಕು ವರ್ಷದ ಹಿಂದೆ ಅಣ್ಣ ಎದೆ ತುಂಬ ಗಣಿ ಧೂಳು ಇಟ್ಕೊಂಡು ಕೆಮ್ಮಿ ಕೆಮ್ಮಿ ಸತ್ತಾಗ ಅವನದನ್ನೂ ನಾನೇ ತೋಡ್ದೆ. ಬೇರೆಯೋರ ಕೈಗೆ ಕೊಡೋಕೆ ಮನಸ್ಸು ಬರಲಿಲ್ಲ.

ಆ ಕಾಂಬೋಡಿಯಾದಿಂದ ಸತ್ತು ಪೆಟ್ಟಿಗೆಯಲ್ಲಿ ಬರ್ತಾ ಇದ್ದೋನು ಅಣ್ಣನ ಒಬ್ಬನೇ ಮಗ ಬಾಲಾಜಿ. ಬೆಂಗಳೂರಿನ ಗಾರ್ಮೆಂಟ್ಸಲ್ಲಿ ಹೊಲಿಗೆ ಮಿಷಿನ್ ಮೆಕ್ಯಾನಿಕ್ಕಾಗಿದ್ದ. ಏಳು ವರ್ಷ ದಿನಾ ಬೆಳಗ್ಗೆ ಬಂಗಾರಪೇಟೆ ಸ್ಟೇಷನ್ನಿಗೆ ಓಡಿ, ರೈಲಲ್ಲಿ ನೇತಾಡ್ಕೊಂಡು ಹೋಗಿ ಬಂದ. ಕಾಂಬೋಡಿಯಾದಲ್ಲಿ ಬರೀ ಗಾರ್ಮೆಂಟ್ಸ್ ಫ್ಯಾಕ್ಟರಿಗಳೇ ಅಂತೆ, ಮಿಷಿನ್ ರಿಪೇರಿ ಗೊತ್ತಿರೋ ನಮ್ಮೋರನ್ನ ಕರೀತಾರಂತೆ. ಎರಡು ವರ್ಷದ ಹಿಂದೆ ಹೋದ. ಹೋದ ತಿಂಗಳು ಒಂದು ಶನಿವಾರ ಫ್ಯಾಕ್ಟರಿಯ ಕರೆಂಟು ಬೋರ್ಡು ಸಿಡಿದು, ಎದುರಿಗೆ ನಿಂತಿದ್ದ ಇವನು ಹೋಗ್ಬಿಟ್ಟ. ಮೂವತ್ತನಾಲ್ಕು ವರ್ಷ. ಕಾಗದಪತ್ರ ಆಗೋವರೆಗೂ ಹನ್ನೊಂದು ದಿನ ಅಲ್ಲಿನ ಐಸ್ ಪೆಟ್ಟಿಗೆಯಲ್ಲಿ ಇಟ್ಟಿದ್ರು.

ಆ ಹನ್ನೊಂದು ದಿನ ನಮ್ಮತ್ತಿಗೆ ಅಮ್ಮಾಜಮ್ಮ ಒಂದೇ ಮಾತು ಆಡಿದ್ದು. "ನನ್ ಮಗ ಯಾರೂ ಇಲ್ದೆ ಸತ್ತ. ಇಷ್ಟು ದಿನ ಒಬ್ನೇ ಮಲಗವ್ನೆ. ಇನ್ನ ಒಬ್ನನ್ನೇ ಮಲಗ್ಸಕ್ಕೆ ನಾನು ಬಿಡಲ್ಲ ಬಚ್ಚಪ್ಪ. ಅವರಪ್ಪನ ಪಕ್ಕ ಆಕು."

ಅಪ್ಪನ ಪಕ್ಕ ಅಂದ್ರೆ ಎಲ್ಲಿ ಅಂತ ಹೇಳ್ಬೇಕು. ನಮ್ಮ ಹೊಲ ಈಗ ಲೇಔಟು. ಮಾರುವಾಗ ಹೊಂಗೆ ಮರದ ಕೆಳಗೆ ಹಿರಿಯರ ಸಮಾಧಿ ಇರೋ ಒಂದು ಪಟ್ಟಿ ಮಾತ್ರ ಬಿಡಿಸ್ಕೊಂಡಿದ್ವಿ. ಅದರ ಕೊನೇಲಿ ಅಣ್ಣ. ಅಣ್ಣನಿಂದ ಲೇಔಟಿನ ಕಾಂಪೌಂಡು ಗೋಡೆವರೆಗೂ ಉಳಿದಿದ್ದು ಒಬ್ಬರಿಗೆ ಆಗೋವಷ್ಟು ಜಾಗ. ಅದು ಅತ್ತಿಗೆ ಜಾಗ. ಅಣ್ಣನ್ನ ಮಣ್ಣು ಮಾಡಿದ ದಿನವೇ ಮನೇಲಿ ಎಲ್ಲರ ಎದುರಿಗೆ ಹೇಳಿದ್ಲು, ಅವರ ಪಕ್ಕಕ್ಕೆ ನಾನು ಬರ್ತೀನಿ ಅಂತ. ಈಗ ಅದನ್ನ ಮಗನಿಗೆ ಕೊಡ್ತಿದ್ಲು.

"ನಿಂಗೆ?" ಅಂತ ಕೇಳಿದೆ.

"ನನ್ನ ಎಲ್ಲಾನ ಬಿಸಾಕು," ಅಂದ್ಲು.

ಬುಧವಾರ ಹೆಣ ಕಳಿಸ್ತೀವಿ ಅಂತ ಅಲ್ಲಿನ ಏಜೆಂಟು ಹಿಂದಿನ ದಿನ ಫೋನ್ ಮಾಡ್ದ. ನಮ್ಮ ಕಡೆಯಿಂದ ಮಾತಾಡಿದೋನು ಸುಬ್ರಮಣಿ. ಬಾಲಾಜಿ ಜೊತೆ ಅದೇ ರೈಲಲ್ಲಿ ಹೋಗಿ ಬರ್ತಿದ್ದ ಹುಡುಗ, ಮೂರು ಮನೆ ಆಚೆ. ಇಂಗ್ಲಿಷು ಬರ್ತದೆ. ಜಗುಲಿ ಮೇಲೆ ಕೂತು ಫೋನಲ್ಲಿ ನೋಡಿ ನನಗೆ ಒಂದೊಂದಾಗಿ ಹೇಳ್ದ.

"ನಾಮ್ ಪೆನ್ನಿಂದ ಏಳು ಗಂಟೆಗೆ ಬಿಡುತ್ತೆ ಮಾಮ. ಬ್ಯಾಂಕಾಕು ಒಂದು ಗಂಟೆ ಹತ್ತು ನಿಮಿಷ. ಅಲ್ಲಿಂದ ಹತ್ತೂ ಮುಕ್ಕಾಲಿಗೆ ಬೆಂಗಳೂರು ಫ್ಲೈಟು. ಮೂರೂ ಮುಕ್ಕಾಲು ಗಂಟೆ ಪ್ರಯಾಣ. ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಅದು ಕಳೆದ್ರೆ ನಮ್ಮ ಟೈಮಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಇಳಿಯುತ್ತೆ."

"ಎಷ್ಟು ದೂರ ಲಾ ಅದು, ಆ ಎರಡೂರಿನ ಮಧ್ಯ?"

"ಐನೂರ ಮೂವತ್ತು ಕಿಲೋಮೀಟರು."

"ಅಷ್ಟಕ್ಕೆ ಒಂದು ಗಂಟೆ ಹತ್ತು ನಿಮಿಷನಾ? ನಮ್ಮ ರೈಲು ಇಲ್ಲಿಂದ ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರಿಗೆ ಅದಕ್ಕಿಂತ ಜಾಸ್ತಿ ತಿಂತದಲ್ಲೋ."

ಅವನು ನಗಲಿಲ್ಲ. ನಾನೂ ನಗ್ಸೋಕೆ ಹೇಳಿದ್ದಲ್ಲ, ಬಾಯಿ ಸುಮ್ನಿರಲ್ಲ ಅಷ್ಟೇ. ಮನಸ್ಸಲ್ಲಿ ಲೆಕ್ಕ ಹಾಕ್ದೆ. ಒಂದಕ್ಕೆ ಇಳಿದ್ರೆ, ಏರ್‌ಪೋರ್ಟಿನ ಕಾಗದದ ಕೆಲಸಕ್ಕೆ ಎರಡು ಗಂಟೆ. ಅಲ್ಲಿಂದ ಆಂಬುಲೆನ್ಸಲ್ಲಿ ಊರಿಗೆ ಎರಡು ಗಂಟೆ. ಐದಕ್ಕೆ ಮನೆ ಮುಂದೆ. ಹೊತ್ತು ಮುಳುಗೋದು ಆರೂ ಕಾಲಿಗೆ. ಅಷ್ಟರೊಳಗೆ ಮಣ್ಣಾಗ್ಬೇಕು ಅಂದ್ರೆ ಗುಂಡಿ ಬೆಳಗ್ಗೆನೇ ತಯಾರಿರ್ಬೇಕು. ಅಲ್ಲಿಯ ನೆಲ ಕೆಂಪು ಗರಸು, ತೋಡೋಕೆ ನಾಲ್ಕು ಗಂಟೆಗಿಂತ ಕಮ್ಮಿ ಆಗಲ್ಲ.

ಊರಲ್ಲಿ ಸಾವು ಅಂದ್ರೆ ಮುಂದೆ ನಿಲ್ಲೋನು ಮುನಿಸ್ವಾಮಪ್ಪ. ಎಂಬತ್ತರ ಮುದುಕ. ಬುಧವಾರ ಬೆಳಗ್ಗೆ ನಾನು ಹಾರೆ ಹೊತ್ಕೊಂಡು ಹೋಗೋದನ್ನ ನೋಡಿ ದಾರಿಗೆ ಅಡ್ಡ ಬಂದ.

"ಏನ್ಲಾ ಬಚ್ಚಾ, ಎಣ ಇನ್ನೂ ಬಾಗಿಲಿಗೆ ಬಂದಿಲ್ಲ. ಗುಂಡಿ ತೋಡಾಕೆ ಒಂಟ್ಬಿಟ್ಯಾ?"

ನಮ್ಮ ಕಡೆ ಒಂದು ಕಟ್ಟು ಇದೆ. ತೋಡಿದ ಗುಂಡಿ ದೀಪ ಹಚ್ಚೋ ಹೊತ್ತಿಗೆ ಖಾಲಿ ಇರ್ಬಾರ್ದು. ಇದ್ರೆ ಅದು ಮನೆಯಿಂದ ಇನ್ನೊಬ್ಬರನ್ನ ಕೇಳುತ್ತೆ ಅಂತಾರೆ. ಹಂಗೇನಾದ್ರೂ ಆದ್ರೆ ಬಾಳೆದಿಂಡಿಗೆ ಬಟ್ಟೆ ಸುತ್ತಿ, ಹೆಣಕ್ಕೆ ಮಾಡೋದೆಲ್ಲ ಅದಕ್ಕೆ ಮಾಡಿ, ಮಲಗಿಸಿ ಮುಚ್ಚಿಬಿಡ್ಬೇಕು. ಮುಚ್ಚಿದ ಮೇಲೆ ಆ ಜಾಗ ಬಾಳೆದಿಂಡಿಂದೇ. ಮತ್ತೆ ಯಾರೂ ಅಗೆಯಲ್ಲ. ಅದಕ್ಕೇ ಹೆಣ ಬಾಗಿಲಿಗೆ ಬರೋವರೆಗೂ ಯಾರೂ ಗುದ್ದಲಿ ಮುಟ್ಟೋದಿಲ್ಲ. ಇದೆಲ್ಲ ಅವನಿಗಿಂತ ನನಗೇನು ಕಮ್ಮಿ ಗೊತ್ತಿರಲಿಲ್ಲ.

"ಟೈಮು ಗೊತ್ತಾಗೈತೆ ಕಣಣ್ಣ," ಅಂದೆ. "ಒಂದು ಗಂಟೆ ಹತ್ತು ನಿಮಿಷ, ಅದಾದ್ಮೇಲೆ ಮೂರೂ ಮುಕ್ಕಾಲು. ಐದಕ್ಕೆ ಬತ್ತಾನೆ."

"ಅದು ಆಕಾಶ್ದಾಗೆ ಬರೋದು ಕಣ್ಲಾ."

"ನೆಲದೊಳಕ್ಕೆ ಓಗಿ ಬಂದೋನು ನಾನು. ನಂಗೆ ಟೈಮು ಯೇಳ್ಕೊಡ್ಬೇಡ."

ಹಿಂಗೆ ಅಂದೆ. ನನ್ನ ಸೊಕ್ಕು ನೋಡಿ. ಗಣಿಯಲ್ಲಿ ನಮ್ಮನ್ನ ಇಳಿಸೋ ಕೇಜು ಇಷ್ಟು ನಿಮಿಷಕ್ಕೆ ತಳ ಮುಟ್ಟುತ್ತೆ ಅಂದ್ರೆ ಅಷ್ಟಕ್ಕೇ ಮುಟ್ತಿತ್ತು. ಬೆಲ್ಲು ಹೊಡೀತಾ, ಹೊರಟಿತಾ, ನಿಂತಿತಾ, ಮುಗೀತು. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಇಷ್ಟು ಹೊತ್ತು ಅಂತ ಯಾರಾದ್ರೂ ಬರೆದಿಟ್ಟಿದ್ರೆ ಅದನ್ನ ನಂಬೋದು ನನ್ನ ರಕ್ತದಲ್ಲೇ ಬಂದಿದೆ. ರೈಲು ಲೇಟಾದ್ರೆ ಬೈತಿದ್ದೆ, ವಿಮಾನಕ್ಕೆ ಯಾಕೋ ಮರ್ಯಾದೆ ಕೊಟ್ಬಿಟ್ಟೆ.

ಅಳತೆಗೆ ಬಾಲಾಜಿಯ ಹಳೇ ಪ್ಯಾಂಟು ಶರ್ಟು ಕೇಳಿದೆ. ಅವನ ಹೆಂಡತಿ ಸುಕನ್ಯ ಒಳಗಿಂದ ತಂದು ಕೊಟ್ಲು, ಕೊಟ್ಟ ಮೇಲೂ ಶರ್ಟಿನ ತೋಳು ಬಿಡಲಿಲ್ಲ. ನಾನೇ ಮೆಲ್ಲಗೆ ಬಿಡಿಸ್ಕೊಂಡೆ. ಆರಡಿ ಉದ್ದ, ಎರಡಡಿ ಅಗಲ ಗುರುತು ಹಾಕಿದೆ. ಗೋಡೆ ಕಡೆ ಪಾಯದ ಕಲ್ಲು ಹೊರಗೆ ಚಾಚ್ಕೊಂಡಿತ್ತು, ಆ ಕಡೆ ಹೋಗೋ ಹಾಗಿಲ್ಲ. ಅಣ್ಣನ ಕಡೆ ಒಂದು ಗೇಣು ಮಣ್ಣು ಬಿಟ್ಟೆ. ಯಾರೋ ಜೆಸಿಬಿ ತರಿಸೋಣ ಅಂದ್ರು. ನನ್ನ ಕೈ ಬಿದ್ದು ಹೋಗಿದೆಯಾ ಅಂತ ಕೇಳಿದೆ. ಹನ್ನೆರಡು ಗಂಟೆಗೆ ನನ್ನ ಎದೆಮಟ್ಟ ಇಳಿದಿದ್ದೆ. ಗೋಡೆಗಳು ದಾರ ಹಿಡಿದ ಹಾಗೆ ನೆಟ್ಟಗಿದ್ವು. ನೋಡಿ ನನಗೇ ಸಮಾಧಾನ ಆಯ್ತು, ಅದನ್ನ ನೆನೆಸ್ಕೊಂಡ್ರೆ ಈಗ ನಾಚಿಕೆ ಆಗುತ್ತೆ.

ಒಂದಾಯ್ತು, ಎರಡಾಯ್ತು. ಆಂಬುಲೆನ್ಸ್ ತಗೊಂಡು ಏರ್‌ಪೋರ್ಟಿಗೆ ಹೋಗಿದ್ದ ಸುಬ್ರಮಣಿ ಮೂರು ಗಂಟೆಗೆ ಫೋನ್ ಮಾಡ್ದ.

"ಮಾಮ, ವಿಮಾನ ಬಂತು. ಪೆಟ್ಟಿಗೆ ಬಂದಿಲ್ಲ."

"ಬಂದಿಲ್ಲ ಅಂದ್ರೆ?"

"ಬ್ಯಾಂಕಾಕಲ್ಲೇ ಇದೆ. ಒಂದು ವಿಮಾನದಿಂದ ಇನ್ನೊಂದಕ್ಕೆ ಹಾಕೋಕೆ ಅಲ್ಲಿ ಬೇರೆ ಕಾಗದ ಆಗ್ಬೇಕಂತೆ. ಅವರು ಅದಕ್ಕೆ ಅರ್ಧ ದಿನ ತಗೋತಾರಂತೆ. ನಾನು ಫೋನಲ್ಲಿ ನೋಡಿದ್ದು ಟಿಕೆಟು ತಗೊಂಡು ಕೂತ್ಕೊಳ್ಳೋರ ಟೈಮು ಮಾಮ. ಪೆಟ್ಟಿಗೇಲಿ ಬರೋರದು ಬೇರೆ. ನಾಳೆ ಇದೇ ಫ್ಲೈಟಿಗೆ ಕಳಿಸ್ತಾರಂತೆ."

ನಾನು ಅವನನ್ನ ಬೈಲಿಲ್ಲ. ಮನೆ ಮುಂದೆ ಶಾಮಿಯಾನದ ಕೆಳಗೆ ಕೂತಿದ್ದ ಜನ ನನ್ನ ಮುಖ ನೋಡೇ ಎದ್ದು ನಿಂತ್ರು. ವಿಷಯ ಹೇಳಿದೆ. ಸುಕನ್ಯ ಗೋಡೆಗೆ ಒರಗಿ ಕಣ್ಣು ಮುಚ್ಕೊಂಡ್ಲು. ಯಾರೂ ಗುಂಡಿ ಮಾತು ಎತ್ತಲಿಲ್ಲ, ಎಲ್ಲರ ತಲೇಲೂ ಅದೇ ಇತ್ತು.

ಎತ್ತಿದೋನು ಮುನಿಸ್ವಾಮಪ್ಪನೇ. ಕುಚೋದ್ಯಕ್ಕಲ್ಲ, ಪಾಪ, ಅವನ ಕಣ್ಣಲ್ಲೂ ನೀರಿತ್ತು. "ಬಾಳೆದಿಂಡು ಕಡ್ಕೊಂಡು ಬನ್ರಪ್ಪ. ಒತ್ತು ಮುಳುಗೋದ್ರೊಳಗೆ ಮುಚ್ಚಾನ. ಬಾಲಾಜೀನ ನಾಳೆ ಕೆರೆ ಆಚೆ ಊರ ಸ್ಮಶಾನಕ್ಕೆ ಆಕಿದ್ರಾಯ್ತು."

ಅತ್ತಿಗೆ ಒಳಗಿಂದ ಬಂದ್ಲು. ಹನ್ನೊಂದು ದಿನದಿಂದ ಸರಿಯಾಗಿ ಉಂಡಿಲ್ಲ, ಕಾಲು ಎಳ್ಕೊಂಡು ಬಂದ್ಲು. "ಬಾಳೆದಿಂಡನ್ನ ನನ್ ಗಂಡನ ಪಕ್ಕ ಮಲಗ್ಸಿ, ಮಗನ್ನ ಕೆರೆ ಆಚೆ ಒಬ್ನನ್ನೇ ಬಿಟ್ಟು ಬತ್ತೀರಾ?"

"ಕಟ್ಟು ಅಲ್ವೇನಮ್ಮ. ಮನೇಲಿ ಬಾಲಾಜಿ ಮಗು ಐತೆ, ಸೊಸೆ ಅವ್ಳೆ. ನಾಳೆ ಏನಾನ ಎಚ್ಚುಕಮ್ಮಿ ಆದ್ರೆ?"

"ಖಾಲಿ ತಾನೇ ಇರ್ಬಾರ್ದು?" ಅಂದ್ಲು ಅತ್ತಿಗೆ. "ಖಾಲಿ ಇರಲ್ಲ."

ಹೊಲದ ಕಡೆ ನಡೆದ್ಲು. ನಮ್ಮಲ್ಲಿ ಹೆಂಗಸರು ಮಣ್ಣಿನ ಜಾಗಕ್ಕೆ ಬರೋ ಪದ್ಧತಿನೇ ಇಲ್ಲ. ಯಾರಿಗೂ ತಡೆಯೋ ಧೈರ್ಯ ಬರಲಿಲ್ಲ. ನಾನು ಹಿಂದೆ ಹಿಂದೆ ಓಡ್ದೆ. ಗುಂಡಿ ಅಂಚಲ್ಲಿ ಕೂತು, ಕಾಲು ಇಳಿಬಿಟ್ಟು, "ಕೈ ಕೊಡು" ಅಂದ್ಲು.

"ಅತ್ಗೆ, ಬ್ಯಾಡ. ನಾನು ಇಳೀತೀನಿ. ತಪ್ಪು ಮಾಡಿದೋನು ನಾನು."

"ನಿಂದಲ್ಲ ಇದು. ನನ್ ಜಾಗ. ನನ್ ಜಾಗದಾಗೆ ನಾನು ಕೂತ್ಕೊಂಡ್ರೆ ಯಾರೇನು ಅಂತಾರೆ? ಕೈ ಕೊಡು."

ಕೊಟ್ಟೆ. ಬೇರೆ ಏನು ಮಾಡ್ಲಿ. ಅರವತ್ತೆಂಟು ವರ್ಷದ ಹೆಂಗಸು, ನಾನೇ ತೋಡಿದ ಗುಂಡಿಯೊಳಗೆ ನನ್ನ ಕೈ ಹಿಡ್ಕೊಂಡೇ ಇಳಿದು, ಅಣ್ಣನ ಕಡೆ ಗೋಡೆಗೆ ಬೆನ್ನು ಕೊಟ್ಟು ಕೂತ್ಲು. ಊರಲ್ಲಿ ದೀಪ ಹಚ್ಚಿದ್ರು. ಮುನಿಸ್ವಾಮಪ್ಪ ಬಂದು ನೋಡಿ, ತನ್ನ ಕಂಬಳಿ ಬಿಚ್ಚಿ ಕೆಳಗೆ ಇಳಿಬಿಟ್ಟು ಹೋದ. ಬೆಳಗಾಗೋವರೆಗೂ ಅವಳು ಒಳಗೆ, ನಾನು ಅಂಚಲ್ಲಿ. ಒಂದ್ಸಲ, ಆ ಬ್ಯಾಂಕಾಕು ಅನ್ನೋ ಊರಲ್ಲಿ ಅವನ ಹತ್ರ ಯಾರಾದ್ರೂ ಇರ್ತಾರಾ ಅಂತ ಕೇಳಿದ್ಲು. ಇರ್ತಾರೆ, ಕಾವಲಿರ್ತಾರೆ ಅಂತ ಸುಳ್ಳು ಹೇಳಿದೆ.

ಸೂರ್ಯ ಬಂದ ಮೇಲೆ ಎತ್ತಿ ಮೇಲಕ್ಕೆ ತಂದೆ. ಸೊಂಟ ಹಿಡ್ಕೊಂಡಿತ್ತು, ನಿಲ್ಲೋಕಾಗಲಿಲ್ಲ. ಕೂಸಿನ ಹಾಗೆ ಎತ್ಕೊಂಡೇ ಮನೆಗೆ ಹೋದೆ.

ಗುರುವಾರ ಪೆಟ್ಟಿಗೆ ಬಂತು. ಆಂಬುಲೆನ್ಸು ಮನೆ ಮುಂದೆ ನಿಂತಾಗ ಐದೂ ಕಾಲು. ಹಿಂಬಾಗಿಲು ತೆಗೆದ್ರು, ನಾನು ಒಳಗೆ ನೋಡ್ದೆ.

ನಮ್ಮೂರಲ್ಲಿ ಸತ್ತೋರು ಚಟ್ಟದ ಮೇಲೆ ಬಟ್ಟೆ ಸುತ್ಕೊಂಡು ಬರ್ತಾರೆ. ನನ್ನ ಜೀವಮಾನದಲ್ಲಿ ತೋಡಿದ್ದೆಲ್ಲ ಮನುಷ್ಯನ ಅಳತೆಗೆ. ಪೆಟ್ಟಿಗೇಲಿ ಬರ್ತಾನೆ ಅಂತ ಎಲ್ಲರೂ ಹನ್ನೆರಡು ದಿನದಿಂದ ಹೇಳ್ತಾನೇ ಇದ್ರು, ನಾನೂ ಹೇಳ್ತಿದ್ದೆ. ಆದ್ರೂ ಗುಂಡಿ ತೋಡಿದ್ದು ಅವನ ಪ್ಯಾಂಟು ಶರ್ಟಿಗೆ. ಬಂದಿದ್ದು ದಪ್ಪ ಹಲಗೆ ಪೆಟ್ಟಿಗೆ, ಒಳಗೆ ತಗಡು, ಸುತ್ತ ಪಟ್ಟಿ, ಎರಡೂ ಕಡೆ ಹಿಡಿ. ಗೇಣು ಹಾಕಿ ನೋಡ್ದೆ. ಏಳಡಿ ಉದ್ದ. ಅಗಲ ಎರಡೂ ಮುಕ್ಕಾಲು.

ಹೊಂಗೆ ಮರದ ಹತ್ರ ತಂದು ಇಳಿಸಿದ್ರು. ಹಿಂದಿನ ದಿನ ಬಂದು ಆಗಿದ್ದರಿಂದ ಅತ್ತಿಗೆನೂ ಬಂದ್ಲು, ಸುಕನ್ಯ ಅವಳನ್ನ ಹಿಡ್ಕೊಂಡಿದ್ಲು. ಮುನಿಸ್ವಾಮಪ್ಪ ಗುಂಡಿ ನೋಡ್ದ, ಪೆಟ್ಟಿಗೆ ನೋಡ್ದ.

"ಇದು ಇಡ್ಸಲ್ಲ. ಪೆಟ್ಟಿಗೆ ವಡ್ದು ಎಣ ಈಚೆಗೆ ತೆಗೀರಿ. ನಮ್ಮ ಪದ್ಧತಿ ತರಾನೇ ಮಲಗ್ಸಾನ."

"ತೆಗೀರಪ್ಪ," ಅಂದ್ಲು ಅತ್ತಿಗೆ. "ಒಂದ್ಸಲ ಮುಖ ನೋಡ್ತೀನಿ. ಬಾಯಿಗೆ ಒಂದು ತೊಟ್ಟು ನೀರು ಬಿಡ್ತೀನಿ."

ಸುಕನ್ಯ ನನ್ನ ಪಕ್ಕಕ್ಕೆ ಬಂದು ಯಾರಿಗೂ ಕೇಳದ ಹಾಗೆ ಹೇಳಿದ್ಲು. "ಮಾವ, ತೆಗೆಸ್ಬೇಡಿ. ಆಸ್ಪತ್ರೆಯೋರು ಗುರುತು ಹಿಡಿಯೋಕೆ ಅಂತ ಫೋಟೋ ಕಳ್ಸಿದ್ರು. ನಾನು ನೋಡಿದ್ದೀನಿ. ಮುಖ ಇಲ್ಲ ಮಾವ. ಕೈ ಮೇಲಿನ ಹಚ್ಚೆ ನೋಡಿ ಹೌದು ಅಂದಿದ್ದು. ಅತ್ತೆ ನೋಡ್ಬಾರ್ದು."

ಹನ್ನೆರಡು ದಿನ ಇದನ್ನ ಹೊಟ್ಟೇಲಿ ಇಟ್ಕೊಂಡು ಈ ಹುಡುಗಿ ನಮಗೆಲ್ಲ ಕಾಫಿ ಕಾಸಿ ಕೊಟ್ಟಿದ್ಲು. ನನಗೆ ಅವಳ ಮುಖ ನೋಡೋಕಾಗಲಿಲ್ಲ.

"ಪೆಟ್ಟಿಗೆ ಯಾರೂ ಮುಟ್ಬೇಡಿ," ಅಂತ ಜೋರಾಗಿ ಅಂದೆ. "ಸರ್ಕಾರದ ಸೀಲು ಐತೆ, ವಡೆದ್ರೆ ಕೇಸಾಗ್ತದೆ. ನಾನು ಗುಂಡಿ ಅಗಲ ಮಾಡ್ತೀನಿ. ಕಾಲು ಗಂಟೆ."

"ಮುಖ, ಬಚ್ಚಪ್ಪ," ಅಂದ್ಲು ಅತ್ತಿಗೆ.

"ಆಗಲ್ಲ ಅತ್ಗೆ. ಕಾನೂನು." ನಾನು ಅವಳ ಕಡೆ ತಿರುಗಲೇ ಇಲ್ಲ. ಹಾರೆ ತಗೊಂಡು ಇಳಿದುಬಿಟ್ಟೆ.

ಉದ್ದಕ್ಕೆ ಒಂದಡಿ ಕಷ್ಟ ಆಗಲಿಲ್ಲ, ಕಾಲಿನ ಕಡೆ ಜಾಗ ಇತ್ತು. ಅಗಲಕ್ಕೆ ಗೋಡೆ ಕಡೆ ಪಾಯದ ಕಲ್ಲು. ಅದನ್ನ ಅಲ್ಲಾಡಿಸಿದ್ರೆ ಗೋಡೆ ನಮ್ಮ ಮೇಲೇ ಬರುತ್ತೆ. ಉಳಿದಿದ್ದು ಅಣ್ಣನ ಕಡೆ. ನಾನು ಬಿಟ್ಟಿದ್ದು ಒಂದು ಗೇಣು. ಬೇಕಾಗಿದ್ದು ಒಂದು ಗೇಣು ದಾಟಿ ಇನ್ನೂ ನಾಲ್ಕು ಬೆರಳು. ಅಣ್ಣನ ಗುಂಡಿ ಎಲ್ಲಿಂದ ಶುರು ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದೇ ಅಗೆದೆ. ರಾತ್ರಿಯೆಲ್ಲ ಅತ್ತಿಗೆ ಬೆನ್ನು ಕೊಟ್ಟಿದ್ದ ಆ ಗೋಡೆಗೆ ಹಾರೆ ಹಾಕ್ದೆ.

ಹೊತ್ತು ಇಳೀತಿತ್ತು. ಗಟ್ಟಿ ಗರಸು ಮುಗಿದು ಹಾರೆಗೆ ಮೆತ್ತಗಿನ ಮಣ್ಣು ಸಿಕ್ತು, ಒಂದ್ಸಲ ಅಗೆದು ತುಂಬಿದ ಮಣ್ಣು. ಹಾರೆ ಮೇಲಕ್ಕೆ ಕೊಟ್ಟು ಕೈಯಲ್ಲೇ ಕೆರೆದೆ. ಮೊದಲು ಪಂಚೆಯ ಜರಿ ಅಂಚು ಬಂತು. ಬಟ್ಟೆಯೆಲ್ಲ ಮಣ್ಣಾಗಿತ್ತು, ಜರಿ ಮಾತ್ರ ಹಂಗೇ ಇತ್ತು. ಆಮೇಲೆ ತೋಳಿನ ಮೂಳೆ, ಭುಜದಿಂದ ಮೊಣಕೈವರೆಗೂ, ಸರಿಯಾಗಿ ಪೆಟ್ಟಿಗೆ ಕೂರ್ಬೇಕಾದ ಜಾಗದಲ್ಲಿ. ಎಷ್ಟೋ ವರ್ಷ ಗಣಿಯ ಕತ್ತಲೆಯಲ್ಲಿ ನನ್ನ ರಟ್ಟೆ ಹಿಡ್ಕೊಂಡು ಮುಂದೆ ನಡೆಸಿದ ತೋಳು ಅದು. ಎದ್ದು ನಿಂತ್ಬಿಟ್ಟೆ.

"ಏನಪ್ಪಾ ಬಚ್ಚಪ್ಪ," ಅಂತ ಮೇಲಿಂದ ಅತ್ತಿಗೆ ಬಗ್ಗಿ ಕೇಳಿದ್ಲು. ಒಳಗೆ ನೆರಳಾಗಿತ್ತು, ಅವಳ ಕಣ್ಣು ಮೊದಲೇ ಮಂಜು. "ಯಾಕೆ ನಿಲ್ಲಿಸ್ದೆ?"

"ಏನಿಲ್ಲ ಅತ್ಗೆ. ಕಲ್ಲು ಸಿಕ್ತು."

"ಕಲ್ಲಾದ್ರೆ ಕಿತ್ತು ಆಚೆಗೆ ಬಿಸಾಕಪ್ಪ. ಮಗೀಗೆ ಒತ್ತುತ್ತೆ."

ನಾನು ಬಗ್ಗಿ, ಜನಕ್ಕೆ ಬೆನ್ನು ಮಾಡಿ, ಅಣ್ಣನ ತೋಳನ್ನ ಮೆಲ್ಲಗೆ ಬಿಡಿಸ್ಕೊಂಡೆ. ಹೆಗಲ ಮೇಲಿನ ಟವೆಲಲ್ಲಿ ಸುತ್ತಿದೆ. ಬಾಲಾಜಿ ತಲೆ ಬರೋ ಜಾಗದಲ್ಲಿ ತಳ ಒಂದಿಷ್ಟು ಕೆರೆದು, ಅಲ್ಲೇ ಇಟ್ಟು, ಅಂಗೈಯಲ್ಲಿ ಮಣ್ಣು ಎಳೆದು ಸಮ ಮಾಡ್ದೆ. ಆಮೇಲೆ ಮೇಲಕ್ಕೆ ಹತ್ತಿ ಬಂದು, "ಇಳಿಸ್ರಪ್ಪ" ಅಂದೆ.